ಯಾರ ಗೋಡೆ, ಯಾರ ತೊಲೆ

ಅಪ್ಪ ಆ ಮಾತು ಆಡಿದ್ದು ನಿಜವೋ, ನಾನೇ ಅದನ್ನು ಅವರ ಬಾಯಿಗೆ ಹಾಕಿದ್ದೋ, ಈಗ ನನಗೆ ಖಾತ್ರಿಯಿಲ್ಲ. ಚಿಕ್ಕಂದಿನ ನೆನಪಿನಲ್ಲಿರುವುದು ಇಷ್ಟು: ಕಮಲಾಪುರದ ನಮ್ಮ ಮನೆಯ ಅಂಗಳ, ಮಳೆ ನಿಂತ ಮೇಲಿನ ಕೆಸರು, ಹೆಗಲ ಮೇಲೆ ತೊಲೆ ಹೊತ್ತು ನಿಂತ ಗಂಡಸರು. ಅವರಲ್ಲೊಬ್ಬರ ದನಿ: "ನಮ್ಮ ಗ್ವಾಡಿ ಮ್ಯಾಲೇ ಇಡ್ರಿ, ಏನಾಗ್ತದ."

ಆ ದನಿ ಅಪ್ಪನದು, ತೊಲೆ ಪಕ್ಕದ ಮನೆಯ ಕಾಕಾನದು ಎಂದು ಬಹಳ ಕಾಲ ನಂಬಿದ್ದೆ. ಕಾಕಾನ ಮಾಳಿಗೆ ಮಳೆಗೆ ಕುಸಿದಿತ್ತು, ಹೊಸ ತೊಲೆ ಊರಲು ಅಪ್ಪ ನಮ್ಮ ಗೋಡೆ ಬಿಟ್ಟುಕೊಟ್ಟರು. ಹಾಸ್ಟೆಲ್ಲಿನಲ್ಲಿ ಗೆಳೆಯರಿಗೆ, ಆಮೇಲೆ ಹೆಂಡತಿಗೆ, ಅಪ್ಪ ತೀರಿಕೊಂಡ ಮೇಲೆ ಬಂದವರಿಗೆಲ್ಲ ಈ ಕತೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದು ನುಣುಪಾಯಿತು. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಬಹಳಷ್ಟು ಮರೆತಿದ್ದೇನೆ, ಒಂದು ಚಾಳಿ ಮಾತ್ರ ಉಳಿದಿದೆ: ಯಾವ ಸಾಕ್ಷಿ ತಡವರಿಸದೆ ಮಾತಾಡುತ್ತದೋ ಅದನ್ನು ಮೊದಲು ಅನುಮಾನಿಸುವುದು. ಆದರೆ ಈ ಸಾಕ್ಷಿಯನ್ನು ಅನುಮಾನಿಸುವ ಅಗತ್ಯ ಆ ಮನೆ ಮಾರಲು ಹೊರಡುವವರೆಗೆ ಬಂದಿರಲಿಲ್ಲ.

ಮಾರಬೇಕೆಂದವಳು ಅಕ್ಕ. ಕಲಬುರಗಿಯಲ್ಲಿ ಕೋಟೆಯ ಹತ್ತಿರ ಬಾಡಿಗೆ ಮನೆಯಲ್ಲಿದ್ದಳು. ನರ್ಸ್ ಕೆಲಸದಿಂದ ನಿವೃತ್ತಿ ಹತ್ತಿರವಾಗಿತ್ತು, ಅಷ್ಟರೊಳಗೆ ಸ್ವಂತ ಮನೆ ಬೇಕೆಂಬ ಹಟ. ಕಮಲಾಪುರದ ಮನೆ ನಮ್ಮಿಬ್ಬರ ಹೆಸರಿನಲ್ಲಿತ್ತು, ಅದರಲ್ಲಿ ಜೋಳದ ಚೀಲಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಊರು ತಾಲ್ಲೂಕು ಕೇಂದ್ರವಾದ ಮೇಲೆ ಬಸ್‌ಸ್ಟ್ಯಾಂಡಿನ ಸುತ್ತಮುತ್ತ ಅಂಗಡಿ ಹಾಕುವವರು ಹೆಚ್ಚಾಗಿದ್ದರು. ಆ ಬದಿಯ ರೇಟು ನಮ್ಮ ಓಣಿಗೂ ಬಂದೀತು ಎಂದು ಅಕ್ಕ ಲೆಕ್ಕ ಹಾಕಿದಳು. ಬರಲಿಲ್ಲ. ಒಂದೇ ಊರಿನಲ್ಲಿ ರಸ್ತೆಗೆ ಮುಖ ಮಾಡಿದ ಮನೆಯ ರೇಟು ಬೇರೆ, ಓಣಿಯೊಳಗೆ ಟ್ರ್ಯಾಕ್ಟರ್ ತಿರುಗದ ಜಾಗದ ರೇಟು ಬೇರೆ. ಊರ ಆ ಬದಿಯಲ್ಲಿ ಯಾರೋ ಮಾರಿದ ಬೆಲೆ ಕೇಳಿಕೊಂಡು ತಮ್ಮ ಮನೆಗೆ ಬೆಲೆ ಕಟ್ಟುವವರು ನಾವೊಬ್ಬರೇ ಅಲ್ಲ.

ಆ ವರ್ಷ ಪ್ರತಿ ಭಾನುವಾರ ಅಕ್ಕನ ಜೊತೆ ಮನೆ ನೋಡುತ್ತ ಅಲೆದೆ. ಕೋಟೆಯ ಬದಿಯ ಹಳೆ ಮನೆಗಳು ತಂಪಾಗಿದ್ದವು, ಆದರೆ ಯಾವುದರ ಬಾಗಿಲಿನವರೆಗೂ ಆಂಬುಲೆನ್ಸ್ ಬರುವಂತಿರಲಿಲ್ಲ. ಅಕ್ಕ ಮನೆಯೊಳಗೆ ಹೋಗುವ ಮೊದಲೇ ಓಣಿಯನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದಳು. ಊರಾಚೆ ಶರಣಸಿರಸಗಿಯ ಕಡೆ ತೊಗರಿ ಹೊಲಗಳ ನಡುವೆ ಸುಣ್ಣ ಬಳಿದ ಕಲ್ಲು ನೆಟ್ಟ ಲೇಔಟುಗಳು. ಅಲ್ಲಿಯ ದಲ್ಲಾಳಿ ಕೈ ಚಾಚಿ ಗಾಳಿಯಲ್ಲಿ ರಸ್ತೆ ಎಳೆಯುತ್ತಿದ್ದ. "ಇಲ್ಲಿಂದ ಹಿಂಗ ರಿಂಗ್ ರೋಡ್ ಬರ್ತದ ನೋಡ್ರಿ ಮೇಡಂ. ಇಲ್ಲಿ ಪಾರ್ಕ್."

"ಸದ್ಯಕ್ಕ ಏನದ ಅದನ್ನ ತೋರಸ್ರಿ," ಅಂದಳು ಅಕ್ಕ.

"ಸದ್ಯಕ್ಕ ಗಾಳಿ ಭಾಳ ಚಲೋ ಅದರಿ."

ಅಕ್ಕ ನಕ್ಕಳು, ಮಳೆ ಬಿದ್ದ ಮೇಲೆ ಮತ್ತೆ ಅಲ್ಲಿಗೇ ಹೋದಳು. ಈ ಭಾಗದಲ್ಲಿ ಜಾಗ ಕೊಳ್ಳುವವರು ಎರಡು ಸಲ ಹೋಗಬೇಕು ಎಂಬುದು ಹಾಗೆ ನಮಗೆ ತಿಳಿಯಿತು. ಮೇ ತಿಂಗಳಲ್ಲಿ ಎರೆಮಣ್ಣು ಕೈ ಹೋಗುವಷ್ಟು ಬಿರಿದಿರುತ್ತದೆ, ಅದೇ ಮಣ್ಣು ಆಷಾಢದಲ್ಲಿ ಉಬ್ಬಿ ಚಪ್ಪಲಿ ಬಿಡುವುದಿಲ್ಲ. ಪಾಯ ಎಷ್ಟು ಆಳ ತೆಗೆದಿದ್ದಾರೆ ಎಂದು ಕೇಳದೆ ಟೈಲ್ಸ್ ನೋಡಿ ಮನೆ ಕೊಂಡವರ ಕಿಟಕಿಯ ಮೂಲೆಗಳಲ್ಲಿ ಓರೆ ಬಿರುಕುಗಳನ್ನು ಕಂಡೆವು. ಕೆಲವರು ಮಾರುವ ಮೊದಲು ಅದೇ ಮೂಲೆಗಳಿಗೆ ಮಾತ್ರ ಹೊಸ ಬಣ್ಣ ಹೊಡೆಸಿರುತ್ತಾರೆ. ನಳದಲ್ಲಿ ನೀರು ಯಾವಾಗ ಬರುತ್ತದೆ ಎಂಬುದನ್ನು ಅಕ್ಕ ಮಾಲೀಕರನ್ನು ಕೇಳುತ್ತಿರಲಿಲ್ಲ, ಎದುರುಮನೆಯವರನ್ನು ಕೇಳುತ್ತಿದ್ದಳು. ಕಡೆಗೆ ಅಲ್ಲೇ ಒಂದು ಲೇಔಟಿನಲ್ಲಿ ಎರಡು ಮಲಗುವ ಕೋಣೆಯ, ಮೂಲೆ ಸೈಟಿನ ಒಂದು ಮನೆ ಒಪ್ಪಿಗೆಯಾಯಿತು. ಅಕ್ಕ ಮುಂಗಡದ ಬಯಾನಾ ಕೊಟ್ಟು ಮಾತು ಕಟ್ಟಿದಳು. ಉಳಿದ ಹಣ ಕಮಲಾಪುರದ ಮನೆಯಿಂದ ಬರಬೇಕಿತ್ತು.

ಅದನ್ನು ಕೊಳ್ಳಲು ಬಂದವರು ಅದೇ ಊರಿನ ಗೊಬ್ಬರದಂಗಡಿಯವರು. ಹಳೆ ಕಲ್ಲಿನ ಮನೆ ಪೂರ್ತಿ ಕೆಡವಿ ಗೋದಾಮು ಕಟ್ಟುವ ಯೋಚನೆ ಅವರದು. ಮನೆಯನ್ನೆಲ್ಲ ಸುತ್ತಿ ನೋಡಿ, ಪೂರ್ವದ ಗೋಡೆಯ ಮುಂದೆ ನಿಂತರು.

"ಇದರ ಮ್ಯಾಲ ಆ ಕಡಿ ಮನೀ ತೊಲಿನೂ ಕುಂತಾವಲ್ರಿ. ಗ್ವಾಡಿ ಯಾರದು?"

ಎರಡು ಮನೆಗಳ ನಡುವೆ ಅದೊಂದೇ ಗೋಡೆ. ನಮ್ಮ ತೊಲೆಗಳು ಈಚೆಯಿಂದ, ಅವರ ತೊಲೆಗಳು ಆಚೆಯಿಂದ ಅದರ ಮೇಲೆ ಕೂತಿದ್ದವು. ನಮ್ಮ ಖರೀದಿ ಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಮನೆ ಎಂದಿತ್ತು, ಗೋಡೆ ಯಾರದೆಂದು ಇರಲಿಲ್ಲ. ನಮ್ಮದಾದರೆ ಕೆಡವಬಹುದು. ಕೆಡವಿದರೆ ಆಚೆ ಕಡೆ ಕಾಕಿಯ ಅಡುಗೆಮನೆಯ ಮಾಳಿಗೆ ನೆಲಕ್ಕೆ ಬರುತ್ತದೆ.

ಕಾಕಾ ತೀರಿಹೋದ ಮೇಲೆ ಕಾಕಿ ಆ ಅಡುಗೆಮನೆಯಿಂದಲೇ ಬದುಕು ಕಟ್ಟಿದ್ದರು. ಬೆಳಗಿನಿಂದ ಅವರೂ ಸೊಸೆಯೂ ಜೋಳದ ರೊಟ್ಟಿ ಬಡಿಯುತ್ತಾರೆ, ಬಸ್‌ಸ್ಟ್ಯಾಂಡಿನ ಖಾನಾವಳಿಗಳಿಗೆ ಅಲ್ಲಿಂದಲೇ ರೊಟ್ಟಿ. ನಮ್ಮ ಮನೆಯೊಳಗೆ ನಿಂತರೆ ಆ ತಟಪಟ ಗೋಡೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಕೊಳ್ಳುವವರಿಗೆ ಉತ್ತರ ಕೊಡುವ ಮೊದಲು ನಾನು ಅಲ್ಲಿಗೆ ಹೋದೆ.

"ಏನೋ ತಮ್ಮಾ, ಹುಟ್ಟಿದಾಗಿಂದ ಬಾಜೂಕೇ ಬೆಳದೀ, ಈಗ ನಮ್ಮ ಗ್ವಾಡಿ ನೋಡ್ಲಾಕ ಬಂದೀಯೇನು?" ಅಂದರು ಕಾಕಿ, ಹಿಟ್ಟಿನ ಕೈ ತೆಗೆಯದೆ. "ಕುಂದ್ರು. ರೊಟ್ಟಿ ತಿನ್ನು. ಗ್ವಾಡಿ ಎಲ್ಲೂ ಓಡಿ ಹೋಗಲ್ಲ, ನೀವ ಓಡಿಸಿದ್ರ ಮಾತ್ರ."

"ಕಾಕಿ, ಈ ಗ್ವಾಡಿ ಕಟ್ಟಿಸಿದವರು ಯಾರು?"

"ನಮ್ಮ ಮಾವ. ನಾ ಲಗ್ನಾಗಿ ಬಂದ ವರ್ಷ."

"ಅತ್ತೀ, ನಿನ್ನಿ ಹೇಳಿದ್ದು ಲಗ್ನಕ್ಕ ಮೊದಲು ಅಂತ," ಅಂದಳು ಸೊಸೆ ಒಲೆಯ ಮುಂದಿನಿಂದ.

"ನಿನಗೇನು ಗೊತ್ತು, ನೀ ಇನ್ನಾ ಹುಟ್ಟಿದ್ದಿಲ್ಲ!"

ಸೊಸೆ ನಕ್ಕಳು. ಕಾಕಿ ನಗಲಿಲ್ಲ. ತಟ್ಟೆ ನನ್ನ ಕಡೆ ತಳ್ಳಿ ಸಣ್ಣ ದನಿಯಲ್ಲಿ ಕೇಳಿದರು: "ಕೆಡವ್ತಾರೇನು?"

ನಾನು ಗೋಡೆಯನ್ನು ನೋಡಿದೆ. ಆ ಗೋಡೆಗೆ ಬೆನ್ನು ಕೊಟ್ಟು ಶಾಲೆಯ ಪಾಠ ಓದಿದವನು ನಾನು. ಆದರೂ ಅದರ ಈ ಮುಖ ನನಗೆ ಗೊತ್ತೇ ಇರಲಿಲ್ಲ: ಹೊಗೆಗೆ ಕಪ್ಪಾದ ಗಾರೆ, ಪಾತ್ರೆ ಇಡಲು ಕಲ್ಲಿನಲ್ಲೇ ಬಿಟ್ಟ ಗೂಡುಗಳು, ಒಲೆಯ ಶಾಖಕ್ಕೆ ಬೆಚ್ಚಗಿದ್ದ ಮೈ. ಹಳೆ ಓಣಿಯಲ್ಲಿ ಮನೆ ಕೊಳ್ಳುವವರಿಗೂ ಮಾರುವವರಿಗೂ ನಾನು ಈಗ ಕೊಡುವ ಬುದ್ಧಿಮಾತು ಒಂದೇ. ಪಕ್ಕದ ಮನೆಯೊಳಗೆ ಹೋಗಿ ಕೂತು, ಅಲ್ಲಿಂದ ನಿಮ್ಮ ಗೋಡೆಯನ್ನು ನೋಡಿ. ವಕೀಲರನ್ನು ಆಮೇಲೆ ನೋಡಿದರಾಯಿತು.

ಆ ರಾತ್ರಿ ನನ್ನ ನೆನಪನ್ನು ಬಿಚ್ಚಿ ನೋಡಿದೆ. ಅದರಲ್ಲಿ ಅಪ್ಪ ಕನ್ನಡಕ ಹಾಕಿದ್ದರು. ಅವರು ಕನ್ನಡಕ ಹಾಕಿದ್ದು ನಾನು ಕಾಲೇಜಿಗೆ ಸೇರಿದ ಮೇಲೆ. ಇಡೀ ದೃಶ್ಯ ನನಗೆ ಮೇಲಿನಿಂದ ಕಾಣುತ್ತಿತ್ತು, ಮಾಳಿಗೆಯ ಮೇಲೆ ಕೂತು ನೋಡಿದಂತೆ. ಮಾಳಿಗೆಯೇ ಕುಸಿದ ದಿನ ಹುಡುಗನನ್ನು ಯಾರು ಮೇಲೆ ಹತ್ತಿಸುತ್ತಾರೆ? ಹಾಗಾದರೆ ಕೆಸರು? ತೊಲೆ? ದನಿ? ಒಂದು ದನಿ ಇತ್ತೆಂಬುದನ್ನು ಈಗಲೂ ಬಿಟ್ಟುಕೊಡಲಾರೆ. ಅದು ಯಾರದೆಂದು ಆಣೆ ಮಾಡಲಾರೆ, ಅಷ್ಟೇ.

ಮಾತು ಮುಗಿಸಲು ಎಲ್ಲರೂ ನಮ್ಮ ಮನೆಯ ಕಟ್ಟೆಯ ಮೇಲೆ ಕೂತೆವು. ಕಾಕಿ ತಮ್ಮ ಬಾಗಿಲಲ್ಲಿ ನಿಂತಿದ್ದರು, ಕಟ್ಟೆಗೆ ಬರಲಿಲ್ಲ.

"ಸರ್, ನೀವು ಓದಿದವರು, ಸುಳ್ಳು ಹೇಳಲ್ಲ," ಅಂದರು ಅಂಗಡಿಯವರು. "ಗ್ವಾಡಿ ನಿಮ್ಮದು ಅಂತ ಒಂದು ಮಾತು ಹೇಳ್ರಿ. ಉಳಿದದ್ದು ಜೆಸಿಬಿ ನೋಡ್ಕೋತದ."

ಅಕ್ಕ ನನ್ನ ಕಡೆ ಬಾಗಿದಳು. "ಅಪ್ಪ ಹೇಳಿದ ಮಾತು ಊರ ತುಂಬ ಹೇಳಿಕೊಂಡು ತಿರುಗಿದಿ. ಇವತ್ತು ಇಲ್ಲಿ ಹೇಳು."

ಅವಳ ಕೈಯ ಚೀಲದಲ್ಲಿ ಶರಣಸಿರಸಗಿಯ ಮನೆಯ ಕರಾರು ಪತ್ರವಿತ್ತು. ಬಾಗಿಲಲ್ಲಿ ಕಾಕಿ ಸೆರಗಿಗೆ ಕೈ ಒರೆಸುತ್ತಲೇ ಇದ್ದರು.

"ನನಗ ಖಾತ್ರಿ ಇಲ್ರಿ," ಅಂದೆ. "ಖಾತ್ರಿ ಇಲ್ಲದ್ದು ಹೇಳಲ್ಲ. ಗ್ವಾಡಿ ಇಬ್ಬರದು ಅಂತ ಬರೀರಿ, ಕೆಡವಬಾರದು ಅಂತನೂ ಬರೀರಿ. ನೀವು ಈ ಕಡಿ ಸ್ವಲ್ಪ ಜಾಗ ಬಿಟ್ಟು ನಿಮ್ಮ ಕಂಬ ನಿಲ್ಲಸ್ರಿ."

"ಹಂಗಾದ್ರ ಜಾಗ ಕಮ್ಮಿ ಆತು, ರೇಟೂ ಕಮ್ಮಿ ಆಗ್ತದ."

"ಆಗಲಿ," ಅಂದೆ. ಅಕ್ಕನನ್ನು ಕೇಳಲೇ ಇಲ್ಲ. ಅವಳು ಎದ್ದು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಹೊರಬಂದು ಸಹಿ ಮಾಡಿದಳು. ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಅಂದಳು: "ನಿನಗ ಅನುಮಾನ ಪಡೋದು ಸಸ್ತಾ ಆಗ್ಯದ. ರೊಕ್ಕ ನಂದು ಹೋಗ್ತದ." ಮೂಲೆ ಸೈಟಿನ ಮನೆ ಕೈತಪ್ಪಿತು. ಅದೇ ಲೇಔಟಿನ ಒಳಸಾಲಿನಲ್ಲಿ ಒಂದು ಕೋಣೆಯ ಮನೆ ಕೊಂಡಳು. ನಾನು ಹೋದರೆ ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿ, "ಗ್ವಾಡಿ ಕಡಿ ತಲಿ ಮಾಡಿ ಮಲ್ಕೋ, ನಿನಗ ಗ್ವಾಡಿ ಅಂದ್ರ ಭಾಳ ಪ್ರೀತಿ," ಅನ್ನುತ್ತಾಳೆ.

ನಮ್ಮ ಮನೆ ಕೆಡವಿದ ಮೇಲೆ, ಒಂದು ಸಂತೆಯ ದಿನ ಕಮಲಾಪುರಕ್ಕೆ ಹೋದೆ. ಪೂರ್ವದ ಗೋಡೆ ಒಂದೇ ನಿಂತಿತ್ತು. ಅದರ ಮೇಲೆ ನಮ್ಮ ತೊಲೆಗಳಿದ್ದ ಕುಳಿಗಳು ಖಾಲಿಯಾಗಿ ಕಾಣುತ್ತಿದ್ದವು, ಆಚೆಯಿಂದ ರೊಟ್ಟಿಯ ಸಪ್ಪಳ ಬರುತ್ತಿತ್ತು. ಓಣಿಯ ಕಡೆಯ ಮೂಲೆಗೆ ಬಂದೆ. ಎರಡೂ ಮನೆಗಳ ಮುಂಗೋಡೆ ಇದಕ್ಕೆ ಸೇರುತ್ತಿದ್ದ ಜಾಗ ಅದು, ಮೊದಲು ಸಿಮೆಂಟಿನ ಗಿಲಾವಿನಲ್ಲಿ ಮುಚ್ಚಿಹೋಗಿತ್ತು. ಒಟ್ಟಿಗೆ ಕಟ್ಟಿದ ಗೋಡೆಗಳಾದರೆ ಮೂಲೆಯಲ್ಲಿ ಕಲ್ಲುಗಳು ಒಂದರೊಳಗೊಂದು ಹೆಣೆದಿರುತ್ತವೆ, ಕೆಡವಿದರೆ ಮುರಿದ ಹಲ್ಲುಗಳಂತೆ ಹೊರಚಾಚಿ ನಿಲ್ಲುತ್ತವೆ. ಆಮೇಲೆ ತಂದು ತಾಗಿಸಿ ಕಟ್ಟಿದ್ದಾದರೆ ಹಲ್ಲಿರುವುದಿಲ್ಲ. ಬಗ್ಗಿ ನೋಡಿದೆ, ಕೈಯಾಡಿಸಿ ನೋಡಿದೆ, ಒಂದು ವಾರ ಬಿಟ್ಟು ಮತ್ತೆ ಹೋಗಿ ನೋಡಿದೆ.

ಅಪ್ಪನ ಮಾತಿನ ಬಗ್ಗೆ ನಾನು ಏನನ್ನೂ ಖಚಿತವಾಗಿ ಹೇಳಲಾರೆ. ಇಷ್ಟು ಹೇಳಬಲ್ಲೆ: ಆ ಮೂಲೆಯ ಕಲ್ಲುಗಳು ಪಾಯದಿಂದ ತಲೆಯವರೆಗೆ ಕಾಕಿಯ ಮನೆಯ ಮುಂಗೋಡೆಯೊಳಗೆ ಹೆಣೆದುಕೊಂಡಿವೆ, ನಮ್ಮ ಕಡೆ ಒಂದು ಕಲ್ಲೂ ಚಾಚಿಲ್ಲ.