ಪುಕ್ಕಟೆ ಅಕ್ಷರದ ಜೊತೆ ಬಂದ ಗೂಢಚಾರ

ನಮ್ಮ ಮನೆಯಲ್ಲಿ ನಾನು ಯಾವುದಕ್ಕೂ ಬೀಗ ಹಾಕಿದವಳಲ್ಲ. ಗುಟ್ಟಿನದ್ದೇನಾದರೂ ಇದ್ದರೆ ಕನ್ನಡದಲ್ಲಿ ಬರೆದರೆ ಸಾಕಾಗುತ್ತಿತ್ತು. ತಮಿಳುನಾಡಿನ ಪಲ್ಲಡಂನ ಈ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವನ್ನೇ. ಆದರೆ ತಲೆಮಾರುಗಳ ಹಿಂದೆಯೇ ಇಲ್ಲಿ ನೆಲೆಸಿದ ಕುಟುಂಬವಾದ್ದರಿಂದ ಓದು ಬರಹವೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಬಲ್ಲವಳು ಮದುವೆಯಾಗಿ ದಾವಣಗೆರೆಯಿಂದ ಬಂದ ನಾನೊಬ್ಬಳೇ. ನಡುಮನೆಯ ಕಂಪ್ಯೂಟರ್ ಮುಂದೆ ಕೂತು ಪ್ರಕಾಶಕರೊಬ್ಬರಿಗೆ ಕರಡು ತಿದ್ದುವುದು ನನ್ನ ಕೆಲಸ. ಅತ್ತೆ ಆಗಾಗ ಬೆನ್ನ ಹಿಂದೆ ನಿಂತು, "ಕೈಮುರುಕ್ಕು ಸುತ್ತಿಟ್ಟಂಗೆ ಐತೆ ಕಣ್ಣು ನಿನ್ನ ಎಳುತ್ತು" ಎಂದು ಚಕ್ಕುಲಿಯಂಥ ಅಕ್ಷರಗಳನ್ನು ಮೆಚ್ಚಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ಅವರು ನನ್ನನ್ನು ಮುದ್ದಿನಿಂದ ಕರೆಯುವುದೇ ಕಣ್ಣು ಎಂದು.

ಈಚೆಗೆ ನನಗೆ ನಿಜವಾದ ಗುಟ್ಟೊಂದು ಹುಟ್ಟಿಕೊಂಡಿತು. ಸ್ನಾನ ಮಾಡುವಾಗ ಎದೆಯಲ್ಲಿ ಸಣ್ಣದೊಂದು ಗಂಟು ಕೈಗೆ ಸಿಕ್ಕಿತು. ಹಲ್ಲು ತೋರಿಸಿಕೊಂಡು ಬರುತ್ತೇನೆಂದು ಹೇಳಿ ಒಬ್ಬಳೇ ಕೊಯಮತ್ತೂರಿನ ಬಸ್ ಹತ್ತಿದೆ. ಡಾಕ್ಟರಮ್ಮ ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡು, ಮುಂದಿನ ವಾರ ಬನ್ನಿ ಎಂದರು. ಗಂಡ ರಂಗರಾಜುವಿಗೂ ಹೇಳಲಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಸ ಆರ್ಡರ್ ಬಂದು ಅವರು ಊಟ ನಿದ್ದೆ ಮರೆತಿದ್ದರು. ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಅವರ ತಲೆಗೂ ಯಾಕೆ ಕಟ್ಟಲಿ ಅನಿಸಿತು. ಹೇಳಿಕೊಂಡದ್ದು ಕಂಪ್ಯೂಟರ್‌ಗೆ ಮಾತ್ರ. ಅತ್ತೆ ಮಧ್ಯಾಹ್ನ ಮಲಗಿದೊಡನೆ ಗಂಟಿನ ಬಗ್ಗೆ ಕೇಳಬಾರದ್ದನ್ನೆಲ್ಲ ಕನ್ನಡದಲ್ಲೇ ಕುಟ್ಟಿ ಕೇಳುವುದು, ಅದು ಹೇಳಿದ್ದನ್ನೆಲ್ಲ ಓದಿ ಬೆವರುವುದು. ಯಂತ್ರಕ್ಕೆ ಬಾಯಿಲ್ಲ ಎಂಬ ಧೈರ್ಯ.

ಬಾಯಿ ಇತ್ತು. ಒಂದು ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಯಾವುದೋ ಆಸ್ಪತ್ರೆಯ ಜಾಹೀರಾತಿನ ಪುಟ್ಟ ಚೌಕವೊಂದು ಎದ್ದಿತು. ಊರಿಗೆ ತಕ್ಕಂತೆ ತಮಿಳಿನಲ್ಲಿ, ದಪ್ಪಕ್ಷರದಲ್ಲಿ: "ಮಾರ್ಬಿಲ್ ಕಟ್ಟಿಯಾ?" ಎದೆಯಲ್ಲಿ ಗಂಟೇ ಎಂದು ನನ್ನನ್ನೇ ಕೇಳುತ್ತಿತ್ತು! ಮುಚ್ಚಿದರೆ ಇನ್ನೊಂದು ಎದ್ದಿತು. ಬೆನ್ನ ಹಿಂದೆ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ನಾನು ಪರದೆಗೆ ಅಡ್ಡವಾಗಿ ನಿಂತೆ.

ಹುಬ್ಬಳ್ಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ತಂಗಿ ಸುಮಾಳಿಗೆ ಮಹಡಿ ಮೇಲಿಂದ ಫೋನ್ ಮಾಡಿದೆ. ಯಾವ ಜಾಹೀರಾತು ಎಂಬುದನ್ನು ನುಂಗಿಕೊಂಡು ಉಳಿದದ್ದನ್ನು ಹೇಳಿದೆ.

"ಅಕ್ಕಾ, ಈಚೆಗೆ ಏನಾದ್ರೂ ಪುಕ್ಕಟೆ ಇಳಿಸ್ಕೊಂಡ್ಯಾ?"

ಇಳಿಸಿಕೊಂಡಿದ್ದೆ. ಹಳೆಯ ಕರಡೊಂದು ತೆರೆದುಕೊಳ್ಳಲು ಯಾವುದೋ ಅಕ್ಷರಶೈಲಿಯ ಫಾಂಟ್ ಬೇಕಾಗಿತ್ತು. ಹುಡುಕಿದಾಗ ಉಚಿತ ಎಂದು ಸಿಕ್ಕಿತು. ಅದು ಕೇಳಿದ ಕಡೆಯೆಲ್ಲ ಒಪ್ಪಿಗೆ, ಒಪ್ಪಿಗೆ ಎಂದು ಒತ್ತಿದ್ದೆ.

"ಅದರ ಜೊತೇಲಿ ಗೂಢಚಾರ ಬಂದಿದಾನೆ. ನೀನು ಏನು ಹುಡುಕ್ತೀಯ, ಎಲ್ಲಾ ನೋಡಿ ಮಾರ್ತಿರ್ತಾನೆ."

ಹಿಂದೆ ರಾಜರು ಸನ್ಯಾಸಿ, ಹಾವಾಡಿಗ, ಬಳೆಗಾರರ ವೇಷದಲ್ಲಿ ಬೇಹುಗಾರರನ್ನು ಕಳಿಸುತ್ತಿದ್ದರಂತೆ. ಆ ಪಾಪದವರು ಬಿಸಿಲಲ್ಲಿ ಊರೂರು ಅಲೆಯಬೇಕಿತ್ತು, ಸಿಕ್ಕಿಬಿದ್ದರೆ ತಲೆ ಹೋಗುತ್ತಿತ್ತು. ನನ್ನಲ್ಲಿಗೆ ಬಂದವನಾದರೋ ಅಕ್ಷರದ ವೇಷ ತೊಟ್ಟು, ನಾನೇ ಬಾಗಿಲು ತೆಗೆದದ್ದರಿಂದ ನೆಟ್ಟಗೆ ನಡುಮನೆಗೇ ಬಂದು ಕೂತಿದ್ದ. ನನ್ನ ಹೆದರಿಕೆಗೆ ಈಗ ಎರಡು ತಲೆ. ಕ್ಯಾಮೆರಾದಿಂದಲೂ ನೋಡುತ್ತಿದ್ದರೆ ಎಂದು ಹಣೆಯ ಬಿಂದಿಯನ್ನೇ ಕಿತ್ತು ಅದರ ಕಣ್ಣಿಗೆ ಅಂಟಿಸಿದೆ. ಅತ್ತೆ ನೋಡಿ, "ಅದುಕ್ಕೆ ಪೊಟ್ಟು ಇಟ್ಬುಟ್ಟು ನೀನು ಬರೀ ಹಣೇಲಿ ಇದ್ದೀಯಲ್ಲ?" ಎಂದರು. ನಗಲಾಗಲಿಲ್ಲ.

ಸುಮಾ ಹೇಳಿದಂತೆ ಮೊದಲು ಇಂಟರ್‌ನೆಟ್ ತಂತಿ ಕಿತ್ತೆ. ಆ ಅಕ್ಷರದ ಪ್ರೋಗ್ರಾಂ ಅಳಿಸಿ, ಅದು ಬ್ರೌಸರ್‌ಗೆ ಗಂಟು ಹಾಕಿಹೋಗಿದ್ದ ಬಾಲವನ್ನೂ ಹುಡುಕಿ ತೆಗೆದೆ. ತಿಂಗಳುಗಳಿಂದ ನಾಳೆ ನಾಳೆ ಎಂದು ಮುಂದೂಡಿದ್ದ ಅಪ್‌ಡೇಟನ್ನು ಫೋನಿನ ನೆಟ್ ಕೊಟ್ಟು ಮುಗಿಸಿದೆ. ಪಾಸ್‌ವರ್ಡ್‌ಗಳನ್ನೆಲ್ಲ ಫೋನಿನಿಂದಲೇ ಬದಲಿಸಿದೆ. ಕೊನೆಗೆ ಇಡೀ ಕಂಪ್ಯೂಟರನ್ನು ತಪಾಸಣೆಗೆ ಹಚ್ಚಿದೆ. ಪರದೆಯ ಮೇಲೆ ಹಸಿರು ಗೆರೆ ಇರುವೆಯಂತೆ ತೆವಳತೊಡಗಿತು. ಯಂತ್ರಕ್ಕೂ ಪರೀಕ್ಷೆ, ನನಗೂ ಪರೀಕ್ಷೆ. ಎರಡರ ಉತ್ತರಕ್ಕೂ ನಾನೇ ಕಾಯಬೇಕು. ಯಾಕೋ ಕಣ್ಣು ತುಂಬಿ ಬಂತು.

ಅತ್ತೆ ಸೊಪ್ಪಿನ ಮೊರ ಪಕ್ಕಕ್ಕಿಟ್ಟು, ಸ್ಟೂಲ್ ಎಳೆದುಕೊಂಡು ಹತ್ತಿರ ಕೂತರು.

"ಹಲ್ಲು ನೋವಿಗೆ ಯಾರೂ ಇಷ್ಟು ಪಯಪಡಲ್ಲ ಕಣ್ಣು. ಯಾವ ಕಡೆ ಐತೆ ಕಟ್ಟಿ?"

ನಾನು ಥಟ್ಟನೆ ಪರದೆಯ ಕಡೆ ತಿರುಗಿದೆ.

"ನಾಕು ದಿನ ಆಯ್ತು ಅದು ಎದ್ದು ಎದ್ದು ಬರಾಕ್ಕೆ. ನೀನು ನೀರು ಕಾಯಿಸಾಕ್ಕೆ ಹೋದಾಗೆಲ್ಲ ಬರ್ತದೆ. ತಮಿಳು ಓದಾಕ್ಕೆ ಬರ್ತದಲ್ಲ ನನಗೆ. ನೀನೇ ಹೇಳ್ಳಿ ಅಂತ ಸುಮ್ನೆ ಇದ್ದೆ."

ಅವರ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ತಲೆ ಸವರುತ್ತಾ ಅವರು, ತಮಗೂ ರಂಗರಾಜು ಹುಟ್ಟಿದ ಮೇಲೆ ಹೊಟ್ಟೆಯಲ್ಲೊಂದು ಗಡ್ಡೆಯಾಗಿತ್ತೆಂದೂ, ಮಾವನಿಗೆ ಹೇಳದೆ ಆಡಿನಂತೆ ಸೊಪ್ಪು ಸದೆ ಅಗಿದು ನೋವು ನುಂಗಿದ್ದಾಗಿಯೂ ಹೇಳಿದರು. "ಒಬ್ಬಳೇ ಪಯಪಟ್ರೆ ಅದು ಬೆಳೀತದೆ" ಎಂದು ಎದ್ದು ಮಗನಿಗೆ ಫೋನ್ ಮಾಡಿದರು. ಆರ್ಡರ್ ಬಿಟ್ಟು ಬಂದ ರಂಗರಾಜು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ನನ್ನ ಪಕ್ಕ ಕೂತು ಆ ಹಸಿರು ಗೆರೆಯನ್ನು ಕೊನೆ ಮುಟ್ಟುವವರೆಗೂ ನೋಡಿದರು.

ಮುಂದಿನ ವಾರ ಮೂವರೂ ಕೊಯಮತ್ತೂರಿಗೆ ಹೋದೆವು. ಡಾಕ್ಟರಮ್ಮ, ಬರೀ ಕೊಬ್ಬಿನ ಗಂಟು, ಏನೂ ಭಯವಿಲ್ಲ ಎಂದರು. ಅತ್ತೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಹೊರಗೆ ಬಂದು, "ಕೆಟ್ಟದ್ದನ್ನ ಅಷ್ಟು ಸಲ ಕೇಳ್ದ ಆ ಕಂಪ್ಯೂಟರ್‌ನವನು, ಈಗ ಈ ಒಳ್ಳೇದನ್ನ ಒಂದ್ಸಲ ಹಾಕ್ತಾನಾ ನೋಡು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಸಂಜೆ ಸುಮಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಚೆನ್ನಾಗಿ ಬೈದು, ಅತ್ತು, ಮೂಗೊರೆಸಿಕೊಂಡು ಮತ್ತೆ ಮೇಷ್ಟರಾದಳು: "ಈಗ ಎಲ್ಲಾ ಕ್ಲೀನಾ ಅಕ್ಕಾ? ನಿನ್ನ ಮೇಲೆ ಕಣ್ಣಿಡೋರು ಯಾರೂ ಇಲ್ಲ ತಾನೆ?"

"ಕಂಪ್ಯೂಟರ್ ಒಳಗಿದ್ದವನು ಹೋದ," ಎಂದೆ. "ಹೊರಗೆ, ಸೊಪ್ಪಿನ ಮೊರದ ಮುಂದೆ, ಒಬ್ಬರಿದ್ದಾರೆ. ಅವರು ಇರಲಿ."