ಉಪವಾಸಕ್ಕಿಟ್ಟ ಹುಳುಗಳು

ನಮ್ಮ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಹುಳದಕ್ಕ ಎಂದು. ಕೊಳೆತ ಮರ ತಿನ್ನುವ ಕರಿ ಹುಳುಗಳ ಹೊಟ್ಟೆ ಸೀಳಿ, ನೂಲಿನಷ್ಟು ಸಣ್ಣ ಕರುಳನ್ನು ಹರಿಯದಂತೆ ಎತ್ತುವುದು ಅವಳ ಕೆಲಸ. ಪಕ್ಕದ ತೊಟ್ಟಿಯಲ್ಲಿ ಗಾಜಿನ ತಟ್ಟೆ ತೊಳೆಯುವುದು ನನ್ನದು. ಹಿಟ್ಟು ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದರ ನೆಂಟರು ಆ ಕರುಳಿನಲ್ಲಿರುತ್ತಾರೆ. ಮರ ಜಗಿಯುವುದು ಹುಳ, ಅರಗಿಸಲು ಕೈಜೋಡಿಸುವುದು ಯೀಸ್ಟ್.

ಸೀಳುವ ಮುಂಚೆ ಹುಳುಗಳನ್ನು ಖಾಲಿ ಡಬ್ಬಿಯಲ್ಲಿ ಉಪವಾಸ ಕೆಡವಬೇಕು. ಮರದ ಜೊತೆ ಒಳಹೋದ ದಾರಿಹೋಕ ಯೀಸ್ಟುಗಳೆಲ್ಲ ಹೊರಬೀಳುತ್ತವೆ. ಆಮೇಲೂ ಉಳಿದದ್ದು ಅಲ್ಲೇ ಮನೆ ಮಾಡಿಕೊಂಡದ್ದು. ಇದನ್ನು ಕೇಳಿ ಅವಳ ಅತ್ತೆ, "ಪಾಪ, ಅವಕ್ಕೂ ಏನಾದ್ರೂ ಹಾಕ್ಬಾರ್ದಾ?" ಎಂದು ಜಗಳಕ್ಕೇ ನಿಂತಿದ್ದಳಂತೆ.

ಹುಳದಕ್ಕನ ಗಂಡ ಇದ್ದಕ್ಕಿದ್ದಂತೆ ತೀರಿಕೊಂಡ. ಅವಳು ಅಳಲಿಲ್ಲ. ಕೆಲಸಕ್ಕೆ ಮರಳಿದ ದಿನ ಉಪವಾಸಕ್ಕಿಡದ ಹುಳುಗಳನ್ನೇ ಸೀಳುತ್ತಾ ಕೂತಳು. ಕರುಳ ತುಂಬ ಮರದ ಪುಡಿ. ಇಷ್ಟು ವರ್ಷದಲ್ಲಿ ಅವಳು ಮಾಡದ ತಪ್ಪು.

"ಏನೇ ಇದು?" ಎಂದೆ.

"ಗೊತ್ತಾಗ್ಲಿಲ್ಲ," ಎಂದಳು, ಬೇರೆ ಯಾರದೋ ವಿಷಯ ಹೇಳುವವಳ ಹಾಗೆ.

ಮನಸ್ಸು ತಡೆಯದೆ ಸಂಜೆ ಅವಳ ಜೊತೆಗೇ ಮನೆಗೆ ಹೋದೆ. ನೆಂಟರೆಲ್ಲ ಜಾಗ ಖಾಲಿ ಮಾಡಿದ್ದರು. ಒಲೆ ತಣ್ಣಗಿತ್ತು. ಮೈದುನ ಬಂದು ತಾಯಿಯ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಿದ್ದ.

"ಅತ್ತಿಗೆ, ಅಮ್ಮನ್ನ ಕರ್ಕೊಂಡು ಹೋಗ್ತೀನಿ. ಇಲ್ಲಿ ಒಲೆನೇ ಹಚ್ತಾ ಇಲ್ವಲ್ಲ."

ಅತ್ತೆಯೂ ಹೊರಟರೆ ಆ ಮನೆಯಲ್ಲಿ ಇವಳೊಬ್ಬಳೇ. 'ಬೇಡ ಅನ್ನೇ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಹೂಂ," ಎಂದಳು ಹುಳದಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

ಮುದುಕಿ ಮಂಚ ಬಿಟ್ಟು ಏಳಲಿಲ್ಲ. "ಆ ಬಟ್ಟೆ ವಾಪಸ್ ಇಡೋ," ಎಂದಳು ಮಗನಿಗೆ. ಆಮೇಲೆ ಸೊಸೆಯ ಕಡೆ ತಿರುಗಿದಳು. "ಬಂದೋರೆಲ್ಲ ಹೋದ್ರು. ನೀನು ನನ್ನ ಉಪವಾಸ ಕೆಡವಿದ್ರೂ ನಾನು ಹೋದ್ನಾ? ನಿನ್ನ ಹುಳದ ಲೆಕ್ಕದಲ್ಲಿ ನಾನು ಯಾರಾಗ್ತೀನಿ, ಹೇಳು."



"ಇಲ್ಲೇ ಇರೋರು," ಎಂದಳು ಹುಳದಕ್ಕ ಕೊನೆಗೆ.

"ಹಾಗಾದ್ರೆ ಒಲೆ ಹಚ್ಚು. ನಂಗೂ ಹೊಟ್ಟೆ ಅಂತ ಒಂದಿದೆ."

ಮೊದಲ ಕಡ್ಡಿ ಮುರಿಯಿತು. ಇನ್ನೊಂದು ಹತ್ತಿತು. ಇಷ್ಟು ದಿನ ಬಾರದ ಅಳು ಆಗ ಬಂತು. ಅಳುತ್ತಲೇ ಪಾತ್ರೆಗೆ ಇಬ್ಬರಿಗಾಗುವಷ್ಟು ನೀರು ಸುರಿದಳು.