ಎದುರು ಕೋಣೆಯಲ್ಲಿ ಅಕ್ಕ

ವಿಶ್ವವಿದ್ಯಾಲಯದ ಹುಡುಗರು ಅವಳಿಗೆ ಇಟ್ಟಿದ್ದ ಹೆಸರು ಟಿಕ್‌ಟಿಕ್ ಮೇಡಂ. ಕೈಯಲ್ಲಿ ಟಿಕ್ ಟಿಕ್ ಎನ್ನುವ ಮೀಟರು ಹಿಡಿದು, ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡು, ಹೇಳದೆ ಕೇಳದೆ ಲ್ಯಾಬಿನೊಳಗೆ ಕಾಲಿಡುತ್ತಿದ್ದಳು. ಸಂಶೋಧನೆಗೆ ವಿಕಿರಣ ವಸ್ತುಗಳನ್ನು ಬಳಸುವ ಕಡೆಯೆಲ್ಲ ಅದು ಎಲ್ಲಿ ಚೆಲ್ಲಿದೆ, ಯಾರ ಮೈಗೆ ಎಷ್ಟು ತಾಗಿದೆ, ಮಿಕ್ಕಿದ್ದು ಯಾವ ಡಬ್ಬಿ ಸೇರಿದೆ ಎಂದು ನೋಡಿಕೊಳ್ಳುವುದೇ ಅವಳ ಕೆಲಸ. ಅವಳು ಬಂದಳೆಂದರೆ ಮೇಜಿನ ಮೇಲಿನ ಚಹಾ ಲೋಟಗಳು ಕಾಲು ಬಂದಂತೆ ಹೊರಗೆ ಓಡುತ್ತಿದ್ದವು. ಒಬ್ಬ ಹಿರಿಯ ಪ್ರೊಫೆಸರು ಮಾತ್ರ ಬಾಯಿ ತುಂಬ ಬಿಸ್ಕತ್ತು ಇಟ್ಟುಕೊಂಡೇ, ಇಲ್ಲಿ ಯಾರೂ ಏನೂ ತಿನ್ನುವುದಿಲ್ಲ ಎಂದು ಆಣೆ ಮಾಡಿದ್ದರು. ಅವಳು ಒಂದು ತುಂಡು ಕಾಗದದಿಂದ ಅವರ ಮೇಜನ್ನು ಒರೆಸಿ, ಅದನ್ನು ಮೀಟರಿಗೆ ಹಿಡಿದು, "ಮೇಜೇನೋ ಚೊಕ್ಕವಾಗಿದೆ. ಮೀಸೆ ಒರೆಸ್ಕೊಳ್ಳಿ ಸರ್" ಎಂದಿದ್ದಳು.

ಇಂಥ ಕೆಲಸದವರನ್ನು ಕಂಡರೆ ಜನಕ್ಕೆ ಒಳಗೊಳಗೇ ಅಳುಕು. ಲಿಫ್ಟಿನಲ್ಲಿ ಅವಳ ಬ್ಯಾಡ್ಜು ನೋಡಿ ಅರ್ಧ ಹೆಜ್ಜೆ ಸರಿದು ನಿಲ್ಲುವವರಿದ್ದರು. ಅವಳೂ ಮೊದಮೊದಲು ವಿವರಿಸುತ್ತಿದ್ದಳು: ಬ್ಯಾಡ್ಜು ಅಳೆಯುತ್ತದೆಯೇ ಹೊರತು ಏನನ್ನೂ ಸೂಸುವುದಿಲ್ಲ, ಮಳೆಯಲ್ಲಿ ನೆನೆದವರ ಹಾಗೆ ನಾವು ವಿಕಿರಣವನ್ನು ಮನೆಗೆ ಹೊತ್ತುಕೊಂಡು ಹೋಗುವುದಿಲ್ಲ, ಎಂದು. ಆಮೇಲೆ ಬಿಟ್ಟಳು. ಊರ ಬಾಯಿಗೆ ಬೀಗ ಹಾಕಲು ಯಾರಿಂದಾದೀತು. ಆದರೆ ಒಂದು ಮನೆಯವರು ಸರಿದು ನಿಂತದ್ದನ್ನು ಮಾತ್ರ ಅವಳಿಗೆ ನುಂಗಿಕೊಳ್ಳಲು ಆಗಿರಲಿಲ್ಲ. ಅದು ಅಕ್ಕನ ಮನೆ.

ಅಮ್ಮ ಹೋದಾಗ ಇವಳು ಇನ್ನೂ ಹಲ್ಲು ಬೀಳುವ ವಯಸ್ಸಿನವಳು. ಅಕ್ಕನಿಗೂ ಆಡುವ ವಯಸ್ಸೇ, ಆದರೂ ಅವಳೇ ಅಮ್ಮನಾದಳು. ತಲೆ ಬಾಚಿ ಜಡೆ ಹಾಕಿದವಳು, ಜ್ವರ ಬಂದಾಗ ರಾತ್ರಿಯಿಡೀ ನೆತ್ತಿಯ ಮೇಲೆ ಕೈ ಇಟ್ಟು ಕೂತವಳು, 'ಮರಿ' ಎಂದು ಕರೆದವಳು ಅವಳೇ. ಅಕ್ಕ ಮದುವೆಯಾಗಿ ಹೋದ ಮೇಲೂ ಇವಳ ಕಾಲು ಅತ್ತಲೇ ಎಳೆಯುತ್ತಿತ್ತು. ಕಾಲೇಜು ಮುಗಿಯಿತೋ ಇಲ್ಲವೋ, ಅಕ್ಕನ ಅಡುಗೆಮನೆಯ ಕಟ್ಟೆ ಹತ್ತಿ ಕೂರಬೇಕು. ಭಾವ ತಮಾಷೆಗೆ, ನಾನು ಒಬ್ಬಳನ್ನು ಮದುವೆಯಾದೆ, ಇಬ್ಬರು ಬಂದರು ಎನ್ನುತ್ತಿದ್ದ.

ಇವಳಿಗೆ ಈ ಕೆಲಸ ಸಿಕ್ಕ ಕಾಲಕ್ಕೆ ಅಕ್ಕ ಬಸುರಿ. ಅದಕ್ಕೆ ಮೊದಲು ಎರಡು ಸಲ ಗರ್ಭ ನಿಂತು ಕಳೆದಿತ್ತು. ಮನೆಯವರೆಲ್ಲ ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು. ಅಕ್ಕನ ಅತ್ತೆ ಇವಳ ಕೆಲಸದ ಬಗ್ಗೆ ಯಾರಿಂದಲೋ ಏನನ್ನೋ ಕೇಳಿಸಿಕೊಂಡಿದ್ದರು. ಒಂದು ಸಂಜೆ ಇವಳು ಅಲ್ಲಿಂದ ಹೊರಟವಳು ಕೊಡೆ ಮರೆತೆನೆಂದು ಗೇಟಿನವರೆಗೆ ಹಿಂದಿರುಗಿದಳು. ತೆರೆದ ಬಾಗಿಲಿನಲ್ಲಿ ಕಂಡದ್ದು ಇಷ್ಟು: ಇವಳು ಕೂತೆದ್ದ ಕುರ್ಚಿಯನ್ನು ಅತ್ತೆ ಒದ್ದೆ ಬಟ್ಟೆಯಿಂದ ತಿಕ್ಕಿ ಒರೆಸುತ್ತಿದ್ದರು, ಪಕ್ಕದಲ್ಲಿ ಅಕ್ಕ ನೀರಿನ ಬಕೆಟ್ಟು ಹಿಡಿದು ನಿಂತಿದ್ದಳು. ಇವಳು ಕೊಡೆ ಬಿಟ್ಟು ಮಳೆಯಲ್ಲೇ ನಡೆದಳು.

ಮರುದಿನ ಅಕ್ಕ ಫೋನು ಮಾಡಿ, ಹೆರಿಗೆಯಾಗುವ ತನಕ ಬರುವುದು ಬೇಡ ಎಂದಳು. ದನಿ ಸಣ್ಣದಾಗಿತ್ತು. ಇವಳು "ಆಗ್ಲಿ" ಎಂದಳು. ಹೆಣ್ಣುಮಗು ಹುಟ್ಟಿದಾಗ ಅಕ್ಕ ಕರೆದಳು, ಇವಳು ಕೆಲಸವಿದೆ ಎಂದಳು. ಇನ್ನೂ ಕೆಲವು ಸಲ ಕರೆದಳು, ಇನ್ನೂ ಕೆಲವು ಸಲ ಕೆಲಸವಿತ್ತು. ಕರೆಯುವವಳಿಗೂ ಸಾಕಾಯಿತು. ಮುನಿಸು ಎಂದು ಹೆಸರಿಟ್ಟು ಜಗಳವಾಡಿದ್ದರೆ ಒಂದು ದಿನ ರಾಜಿಯೂ ಆಗುತ್ತಿತ್ತೇನೋ. ಇದು ಹಾಗಲ್ಲ, ಕಾಲುದಾರಿಯಲ್ಲಿ ಹುಲ್ಲು ಬೆಳೆದಂತೆ ಸುಮ್ಮನೆ ಮುಚ್ಚಿಕೊಂಡಿತು. ವರ್ಷಗಳು ಉರುಳಿದವು. ಬಂಧುಗಳ ಸಾವಿನ ಮನೆಗಳಲ್ಲಿ ಒಬ್ಬರನ್ನೊಬ್ಬರು ನೋಡಿ, ಚೆನ್ನಾಗಿದ್ದೀಯಾ ಎಂದರೆ ಚೆನ್ನಾಗಿದ್ದೀನಿ. ಇವಳು ಮದುವೆಯ ಗೊಡವೆಗೆ ಹೋಗಲಿಲ್ಲ. ಎರಡು ಕೋಣೆಯ ಮನೆ ಮಾಡಿಕೊಂಡಳು. ಒಂದರಲ್ಲಿ ಇವಳು, ಇನ್ನೊಂದರಲ್ಲಿ ಯಾರೂ ಇಲ್ಲ. ದಾರಿಯಲ್ಲಿ ಯಾರಾದರೂ ಹೆಂಗಸು ಮಗುವಿಗೆ ಜಡೆ ಹಾಕುತ್ತಿದ್ದರೆ ಇವಳ ನೆತ್ತಿ ಜುಮ್ಮೆನ್ನುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಆಫೀಸಿಗೆ ಭಾವನ ಫೋನು ಬಂತು. ಅಕ್ಕನ ಕುತ್ತಿಗೆಯಲ್ಲಿ, ಥೈರಾಯ್ಡ್ ಗ್ರಂಥಿಯಲ್ಲಿ, ಕ್ಯಾನ್ಸರ್ ಗಂಟು ಸಿಕ್ಕಿ ಆಪರೇಷನ್ ಆಗಿದೆ. ಉಳಿದ ಬೇರನ್ನು ಸುಡಲು ವಿಕಿರಣದ ಅಯೋಡಿನ್ ಕುಡಿಸಿದ್ದಾರೆ. ಆಸ್ಪತ್ರೆಯಲ್ಲಿ ಬೇರೆ ಕೋಣೆಯಲ್ಲಿಟ್ಟಿದ್ದು ನಾಳೆ ಬಿಡುತ್ತಾರೆ. ಆದರೆ ಮೈಯಲ್ಲಿ ಇನ್ನೂ ಇರುವುದರಿಂದ ಕೆಲವು ದಿನ ಬಸುರಿಯರು, ಮಕ್ಕಳು ಹತ್ತಿರ ಸುಳಿಯಬಾರದು. ಮನೆಯಲ್ಲಿ ಮಗಳು ತುಂಬು ಬಸುರಿ. ಎಲ್ಲಿಗೆ ಹೋಗ್ತೀಯ ಎಂದು ಕೇಳಿದರೆ ಅಕ್ಕ ಇವಳ ಹೆಸರು ಬಿಟ್ಟು ಬೇರೆ ಹೆಸರು ಎತ್ತಲಿಲ್ಲವಂತೆ.

ಭಾವ ಇಷ್ಟನ್ನು ತಡವರಿಸುತ್ತ ಹೇಳಿ ಮುಗಿಸುವಷ್ಟರಲ್ಲಿ ಇವಳು ರಜೆಯ ಬಗ್ಗೆ ಯೋಚಿಸತೊಡಗಿದ್ದಳು. ಆಸ್ಪತ್ರೆಯ ಡಾಕ್ಟರರೊಂದಿಗೆ ಮಾತಾಡಿದಳು. ಯಾವ ಅಳತೆಗೆ ಇಳಿದರೆ ಅಕ್ಕ ಹುಟ್ಟಲಿರುವ ಮಗುವನ್ನು ಎತ್ತಿಕೊಳ್ಳಬಹುದು ಎಂದು ಅವರಿಂದ ಕೇಳಿ ತಿಳಿದಳು. ಒಪ್ಪಿಗೆ ಪಡೆದು ಆಫೀಸಿನಿಂದ ಒಂದು ಹಳೆಯ ಮೀಟರು ತಂದಳು. ಯಾರೂ ಇಲ್ಲದ ಕೋಣೆಯ ಹಾಸಿಗೆಗೆ ಪ್ಲಾಸ್ಟಿಕ್ ಹೊದಿಸಿ ಮೇಲೆ ಹೊಸ ದುಪ್ಪಟಿ ಹಾಸಿದಳು. ತಟ್ಟೆ, ಲೋಟ, ಟವೆಲು ಬೇರೆ ಇಟ್ಟಳು. ಚಪ್ಪರಿಸಲು ನಿಂಬೆಹುಳಿಯ ಪೆಪ್ಪರ್‌ಮಿಂಟು ತಂದಳು. ಜೊಲ್ಲು ಹರಿದಷ್ಟೂ ಒಳ್ಳೆಯದು, ಅದರ ಗ್ರಂಥಿಗಳಲ್ಲಿ ಅಯೋಡಿನ್ ತಂಗುವುದಿಲ್ಲ. ಅತಿಥಿಗೆಂದು ಮನೆ ಸಿಂಗರಿಸುವವಳ ಸಡಗರವೇ ಅದು, ನೋಡಿದವರಿಗೆ ಮಾತ್ರ ಲ್ಯಾಬು ಕಟ್ಟುತ್ತಿದ್ದಾಳೆ ಅನ್ನಿಸಬೇಕು.

ಅಕ್ಕ ಬಂದಳು. ಕುತ್ತಿಗೆಯಲ್ಲಿ ಗಾಯದ ಗೆರೆ, ತಲೆ ಪೂರಾ ಬಿಳಿ. ಬಾಗಿಲಲ್ಲೇ ನಿಂತು, "ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ. ಹತ್ರ ಬರ್ಬೇಡ" ಎಂದಳು. ಆಸ್ಪತ್ರೆಯವರು ಹೆದರಿಸಿದ್ದಕ್ಕಿಂತ ಹೆಚ್ಚಾಗಿ ತಾನೇ ಹೆದರಿದ್ದಳು. ಕೋಣೆ ಹೊಕ್ಕು, ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಇವಳು ಹಜಾರದ ಆಚೆ ತುದಿಯಲ್ಲಿ ಎದುರಾಗಿ ಕೂತಳು. ನಡುವೆ ತೆರೆದ ಬಾಗಿಲು.

ಮೊದಲ ದಿನ ಆಡಿದ್ದು ಎರಡೇ ಮಾತು: ನೀರು ಕುಡಿದೆಯಾ, ಕುಡಿದೆ. ಮರುದಿನ ಹಳೆಯ ಮನೆಯ ಮಾತು ಬಂತು, ಅಪ್ಪ ಅನ್ನ ಸೀಯಿಸಿ ಹೋಟೆಲಿಗೆ ಕರೆದುಕೊಂಡು ಹೋಗುತ್ತಿದ್ದದ್ದು, ಇವಳು ಬಿದ್ದ ಹಲ್ಲನ್ನು ನುಂಗಿ ಹೊಟ್ಟೆಯಲ್ಲಿ ಹಲ್ಲು ಹುಟ್ಟುತ್ತದೆ ಎಂದು ಅತ್ತದ್ದು. ಇಬ್ಬರೂ ನಕ್ಕರು. ಸಂಜೆ ಅಕ್ಕ ಕಾಲು ಸೆಟೆದುಕೊಂಡಿತೆಂದು ಎದ್ದವಳು ತಾನು ಕೂತಿದ್ದ ಕುರ್ಚಿಯನ್ನೇ ನೋಡುತ್ತ ನಿಂತಳು.

"ನಾನು ಕೂತಿದ್ದ ಕುರ್ಚಿ ಒರೆಸ್ತೀಯಾ?" ಎಂದಳು.

ಸುಳ್ಳು ಹೇಳಬಹುದಿತ್ತು. "ಒರೆಸ್ಬೇಕು ಅಕ್ಕ. ಬೆವರಲ್ಲಿ ಸ್ವಲ್ಪ ಇರುತ್ತೆ" ಎಂದಳು ಇವಳು.

ಅಕ್ಕ ತಲೆಯಾಡಿಸಿದಳು. ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, "ಅವತ್ತು ನೀನು ಗೇಟಿನ ಹತ್ರ ವಾಪಸ್ ಬಂದಿದ್ದೆ ಅಲ್ವಾ. ಚಿಲಕದ ಸದ್ದು ಕೇಳ್ಸಿತ್ತು. ಕೈಲಿ ಬಕೆಟ್ ಇತ್ತು, ತಿರುಗಿ ನೋಡೋ ಧೈರ್ಯ ಆಗ್ಲಿಲ್ಲ" ಎಂದಳು.

ಇಷ್ಟು ವರ್ಷ ಮನಸ್ಸಿನಲ್ಲೇ ಮಸೆದಿಟ್ಟಿದ್ದ ಮಾತುಗಳಲ್ಲಿ ಒಂದೂ ಇವಳಿಗೆ ಈಗ ಬೇಕೆನಿಸಲಿಲ್ಲ. ಬೇಕಾಗಿದ್ದದ್ದು ಎದ್ದು ಹೋಗಿ ಅಕ್ಕನ ಮಡಿಲಲ್ಲಿ ತಲೆ ಇಡುವುದು, ಅಷ್ಟೇ. ಎದ್ದಳು ಕೂಡ. ಒಂದೆರಡು ನಿಮಿಷ ಹತ್ತಿರ ಕೂತರೆ ಏನೂ ಆಗುವುದಿಲ್ಲ, ಲೆಕ್ಕ ನನಗೆ ಗೊತ್ತು ಎಂದು ಹೇಳುತ್ತ ಬಾಗಿಲವರೆಗೆ ಬಂದಳು. ಅಕ್ಕ ಗೋಡೆಗೆ ಒತ್ತಿಕೊಂಡು ಎರಡೂ ಕೈ ಅಡ್ಡ ಹಿಡಿದಳು.

"ಬೇಡ ಮರಿ. ನಿನ್ನ ಲೆಕ್ಕ ನಿನಗಿರ್ಲಿ. ನನ್ನಿಂದ ನಿನಗೆ ಒಂದು ಸಲ ಆಗಿದ್ದು ಸಾಕು."

ಇವಳು ಹೊಸ್ತಿಲಲ್ಲೇ ನಿಂತಳು.

ಆ ವಾರದ ಕೊನೆಗೆ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಗಂಡುಮಗು, ತಾಯಿ ಮಗು ಕ್ಷೇಮ. ಅಂದಿನಿಂದ ಅಕ್ಕನ ಕಿವಿ ಫೋನಿಗೆ ಅಂಟಿಕೊಂಡಿತು. ಮಗು ಅತ್ತರೆ ಇಲ್ಲಿಂದಲೇ ಲಾಲಿಸುತ್ತಿದ್ದಳು, ಆಕಳಿಸಿದರೆ ಇವಳನ್ನು ಕೂಗಿ ಹೇಳುತ್ತಿದ್ದಳು. ಬರಿಗೈಗಳನ್ನು ಮಡಿಲಲ್ಲಿಟ್ಟುಕೊಂಡು, ಎಷ್ಟು ತೂಕವಿರಬಹುದು ಎನ್ನುವಂತೆ ಸುಮ್ಮನೆ ತೂಗುತ್ತಿದ್ದಳು. ಇವಳು ಹಜಾರದಿಂದ ಅದನ್ನು ನೋಡುತ್ತಿದ್ದಳು. ಅಕ್ಕನಿಗೆ ಮೊಮ್ಮಗುವಿನ ಹಂಬಲ, ಇವಳಿಗೆ ಅಕ್ಕನ ಹಂಬಲ. ದಿನಾ ಬೆಳಿಗ್ಗೆ ಇವಳು ಮೀಟರು ಹಿಡಿದು ನಿಲ್ಲುವಾಗ ಅಕ್ಕ ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗಿಯಂತೆ ಮುಖ ನೋಡುತ್ತಿದ್ದಳು. ಇನ್ನೂ ಇಲ್ಲ, ಇನ್ನೂ ಇಲ್ಲ. ಹಾಗೆ ಹೇಳುವಾಗ ಇವಳ ಎದೆಯೊಳಗೆ ಒಂದು ಸಣ್ಣ ಸಂತೋಷ ಕದಲುತ್ತಿತ್ತು. ಅದಕ್ಕೆ ಆಮೇಲೆ ಪಾತ್ರೆ ತೊಳೆಯುತ್ತ ನಾಚುತ್ತಿದ್ದಳು.

ಒಂದು ಬೆಳಿಗ್ಗೆ ಮೀಟರಿನ ಮುಳ್ಳು ಇಳಿದಿತ್ತು. ಡಾಕ್ಟರರು ಹೇಳಿದ್ದ ಅಳತೆಗಿಂತಲೂ ಕೆಳಗೆ. ಇವಳು ಮತ್ತೊಮ್ಮೆ ಹಿಡಿದಳು, ಅಷ್ಟೇ ತೋರಿಸಿತು. ಇನ್ನೊಂದು ವಾರ ಇರು, ಎಚ್ಚರಿಕೆ ಒಳ್ಳೆಯದು ಎಂದಿದ್ದರೆ ಅಕ್ಕ ಎರಡು ಮಾತಾಡದೆ ಇರುತ್ತಿದ್ದಳು. ಯಾರೂ ತಪ್ಪೆನ್ನುತ್ತಿರಲಿಲ್ಲ. ಬಾಯಿಯವರೆಗೆ ಬಂದಿತ್ತು ಮಾತು. ಮೀಟರಿನ ಟಿಕ್ ಟಿಕ್ ಅಲ್ಲೊಂದು ಇಲ್ಲೊಂದು ಕೇಳುತ್ತಿತ್ತು. ಇವಳು ಅದನ್ನು ಆರಿಸಿದಳು.

"ಹೋಗ್ಬಹುದು ಅಕ್ಕ. ಮಗೂನ ಎತ್ಕೋಬಹುದು" ಎಂದಳು.

ಅಕ್ಕನ ಕೈಕಾಲು ನಿಲ್ಲಲಿಲ್ಲ. ಭಾವನಿಗೆ ಫೋನು ಮಾಡಿದಳು, ಸೀರೆ ಮಡಚಿದಳು, ಮಡಚಿದ್ದನ್ನು ಬಿಚ್ಚಿದಳು. ಕಾರು ಬಂದು ಹಾರನ್ ಹೊಡೆಯಿತು. ಅಪ್ಪಿಕೊಂಡಳು, ಹೌದು, ಆದರೆ ಎರಡೂ ಕೈಯಲ್ಲಿ ಚೀಲವಿತ್ತು. ಚೀಲದ ಮೂಲೆ ಇವಳ ಪಕ್ಕೆಗೆ ಒತ್ತಿತು, ಕೆನ್ನೆ ಕೆನ್ನೆಗೆ ತಾಗಿತೋ ಇಲ್ಲವೋ. ಕಾರು ತಿರುವು ದಾಟಿತು. ಇವಳು ಒಳಗೆ ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ದುಪ್ಪಟಿಯನ್ನು ನಿಯಮದಂತೆ ಚೀಲಕ್ಕೆ ಹಾಕಿ ಬೇರೆ ಇಡಬೇಕಿತ್ತು, ಇಟ್ಟಳು. ಕೆಲವು ವಾರಗಳ ಮೇಲೆ ಅದರಲ್ಲಿ ಏನೂ ಉಳಿದಿಲ್ಲವೆಂದು ಮೀಟರು ಹೇಳಿದಾಗಲೂ ಒಗೆಯಲು ಹಾಕಲು ಮನಸ್ಸು ಬಾರದೆ ಬಹಳ ಹೊತ್ತು ಕೈಯಲ್ಲಿ ಹಿಡಿದು ನಿಂತಿದ್ದಳು.

ಅಷ್ಟರಲ್ಲಿ ಅಕ್ಕನ ಮಗಳೇ ಫೋನು ಮಾಡಿ, ಚಿಕ್ಕಮ್ಮ ಬರಲೇಬೇಕು ಎಂದಿದ್ದಳು. ಇವಳು ಹೋದಳು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಮನೆಗೆ ಬಣ್ಣ ಬದಲಾಗಿತ್ತು. ಮಗಳು ಮುಂಬಾಗಿಲಲ್ಲೇ ಮಗುವನ್ನು ಇವಳ ಕೈಗೆ ಕೊಟ್ಟು ಒಳಗೆ ಹೋದಳು. ಬೆಚ್ಚಗಿನ ಆ ಭಾರವನ್ನು ಹಿಡಿದು ಇವಳು ಗಾಬರಿಯಾಗಿ ಅಲುಗಾಡದೆ ನಿಂತದ್ದನ್ನು ನೋಡಿ ಭಾವ ಬಿದ್ದು ಬಿದ್ದು ನಕ್ಕ. ಅಕ್ಕ ಬಂದು ಮಗುವನ್ನು ಎತ್ತಿಕೊಂಡಳು. ಆಮೇಲೆ ಇಡೀ ಮಧ್ಯಾಹ್ನ ಹಾಲು, ಬಟ್ಟೆ, ಅಳು, ನಿದ್ದೆ. ಅಕ್ಕ ಅದರಲ್ಲೇ ಮುಳುಗಿದ್ದಳು. ನಡುನಡುವೆ ತಲೆಯೆತ್ತಿ ನಗುವಳು, ಮತ್ತೆ ಬಗ್ಗುವಳು. ಹೊರಡುವಾಗ, "ಭಾನುವಾರ ಭಾನುವಾರ ಬಂದುಬಿಡು ಮರಿ. ಕೆಲಸ ಇದೆ ಅನ್ಬೇಡ" ಎಂದಳು.

"ಬರ್ತೀನಿ" ಎಂದಳು ಇವಳು.

ಬಸ್ ಸ್ಟಾಪಿನಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಬಂದ ಬಸ್ಸನ್ನು ಬಿಟ್ಟು, ಇನ್ನೊಂದನ್ನೂ ಬಿಟ್ಟು, ಅಕ್ಕನ ಮನೆಯ ಮಹಡಿ ಕಾಣುವ ಕಡೆ ಮುಖ ಮಾಡಿ ನಿಂತೇ ಇದ್ದಳು. ಇವತ್ತೇ ಭಾನುವಾರ. ಮುಂದಿನದಕ್ಕೆ ಆಗಲೇ ಕಾಯಲು ಶುರುಮಾಡಿದ್ದಳು.